ಗೋಡೆಯ ತೂತು

"ಡ್ರಮ್ಮು ತಿರುಗ್ತಿದೆ, ಸದ್ದೂ ಮಾಡ್ತಿದೆ, ಬಿಸಿ ಮಾತ್ರ ಇಲ್ಲ," ಎನ್ನುತ್ತ ರಿಪೇರಿಗೆ ಬಂದಿದ್ದ ತಿಹೋಮಿರ್ ಬಟ್ಟೆ ಒಣಗಿಸುವ ಡ್ರೈಯರಿನೊಳಗಿನಿಂದ ಕೈ ಹೊರಗೆಳೆದ. "ಥೇಟ್ ನನ್ನ ಹೆಂಡತಿ."

"ಅವಳ ಕಿವಿಗೆ ಬಿದ್ರೆ ಬಿಸಿ ಎಲ್ಲಿದೆ ಅಂತ ತೋರಿಸ್ತಾಳೆ," ಎಂದಳು ರಾದ್ಮಿಲಾ. ನಗು ಬರಲಿಲ್ಲ. ಬಿಸಿನೀರಿನ ಬುಗ್ಗೆಯ ಬಳಿಯ ವಸತಿಗೃಹದ ಮಂಚದ ಹಾಸುಗಳು ಬುಟ್ಟಿಯಲ್ಲಿ ಒದ್ದೆಯಾಗಿ ಬಿದ್ದಿದ್ದವು. ಇವತ್ತೂ ತೇವದ ಹಾಸು ಬಂದರೆ ಒಗೆಯುವ ಕೆಲಸ ಬೇರೆಯವರಿಗೆ ಎಂದು ಒಡತಿ ಕೊಸಾರಾ ಬೆಳಿಗ್ಗೆಯೇ ಫೋನು ಮಾಡಿದ್ದಳು. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದೇ ಆ ಹಾಸುಗಳಿಂದ.

ತೊಟ್ಟಿಲ ಪಕ್ಕದಲ್ಲಿ ರಾದ್ಮಿಲಾಳ ಅತ್ತೆ ವಿದೊಸಾವಾ ಹುರುಳಿಕಾಯಿ ಬಿಡಿಸುತ್ತ ಕಾಲಿನಿಂದ ಮಗುವನ್ನು ತೂಗುತ್ತಿದ್ದಳು. ಮನೆಯಲ್ಲಿ ಚಳಿ ಕಾಯಿಸುವ ಒಲೆಯಿದ್ದದ್ದು ಈ ಕೋಣೆಯಲ್ಲಿ ಮಾತ್ರ.

ತಿಹೋಮಿರ್ ಗೋಡೆಯ ತೂತಿಗೆ ಸೇರಿಸಿದ್ದ ಡ್ರೈಯರಿನ ಕೊಳವೆ ಬಿಡಿಸಿ, ಯಂತ್ರವನ್ನು ಮುಂದಕ್ಕೆಳೆದು, ಹಿಂಬದಿಗೆ ಕುಕ್ಕರಗಾಲಲ್ಲಿ ಕೂತ. ಮೀಟರ್ ಹಚ್ಚಿ ನೋಡಿದ. "ಕಾಯಿಲ್ ಚೆನ್ನಾಗಿದೆ. ವಿಪರೀತ ಕಾದು ತಾನೇ ಆಫ್ ಆಗಿದೆ. ಯಾಕೆ ಅಂತ ತಿಳೀತಿಲ್ಲ. ಧೂಳು ಹಿಡಿಯೋ ಜಾಲರೀನೂ ಚೊಕ್ಕಟವಾಗಿದೆ. ಒಳಗಿನ ಪಾರ್ಟು ತರಿಸಬೇಕೋ ಏನೋ. ಮುಂದಿನ ವಾರ."

ರಾದ್ಮಿಲಾ ಬುಟ್ಟಿಯ ಅಂಚಿನ ಮೇಲೆ ಕುಸಿದಳು.

ಬಿಚ್ಚಿದ ಸ್ಕ್ರೂಗಳನ್ನು ಆಯ್ದುಕೊಳ್ಳುತ್ತಿದ್ದ ತಿಹೋಮಿರ್ ಥಟ್ಟನೆ ನಿಂತು ಸೊಂಟ ಮುಟ್ಟಿಕೊಂಡ. ಅಂಗಿ ಮೇಲೆ ಸರಿದಿತ್ತು. "ಹೊರಗೆ ಹಿಮ. ಇಷ್ಟು ಹೊತ್ತು ಆ ತೂತಿಗೆ ಬರಿಮೈ ಕೊಟ್ಟು ಕೂತಿದೀನಿ. ಸಂದಿಯಿಂದ ನುಗ್ಗೋ ಸಂದುಗಾಳಿ ಹೊಡೆದು ಇಷ್ಟೊತ್ತಿಗೆ ಸೊಂಟ ಹಿಡ್ಕೋಬೇಕಿತ್ತಲ್ಲ?"

"ಹ್ಯಾಗೆ ಹಿಡ್ಕೊಳ್ಳುತ್ತೆ?" ವಿದೊಸಾವಾಳ ದನಿಯಲ್ಲಿ ಹೆಮ್ಮೆಯಿತ್ತು. "ಮೊದಲ ಹಿಮ ಬೀಳ್ತಿದ್ದ ಹಾಗೇ ಹೊರಗಿನಿಂದ ಮುಚ್ಚಿದೀನಿ. ಕೂಸು ಮಲಗೋ ಕೋಣೇಲಿ ತೂತು ಬಿಟ್ಕೊಂಡು ಯಾರಾದ್ರೂ ಇರ್ತಾರಾ?"

ತಿಹೋಮಿರ್ ಹೊರಗೆ ಹೋಗಿ ತೂತಿನಿಂದ ಜಗ್ಗಿ ತಂದದ್ದು ಕಂದು ಉಣ್ಣೆಯ ನಡುಪಟ್ಟಿ. ನೆನೆದು, ಮೆತ್ತಿ, ನೂಲಿನ ಧೂಳು ತುಂಬಿಕೊಂಡಿತ್ತು. ಪ್ರತಿ ಚಳಿಗಾಲವಿಡೀ ಅತ್ತೆ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದುದು ಅದನ್ನೇ. ಈ ಸಲ ಎಲ್ಲಿ ಎಂದು ಕೇಳಿದ್ದಕ್ಕೆ ಹುಳ ತಿಂದಿತು ಎಂದಿದ್ದಳು.

ಬೈಯಲು ಬಾಯಿ ತೆರೆದಿದ್ದ ರಾದ್ಮಿಲಾ ಅದನ್ನು ನೋಡಿ ತಡೆದುಕೊಂಡಳು. "ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ನೀನು ತೆಗೆದುಬಿಡ್ತಿದ್ದೆ." ಆಮೇಲೆ ಮುದುಕಿಯ ದನಿ ತಗ್ಗಿತು. "ನನ್ನಿಂದ ಕೊಸಾರಾ ಕೆಲಸ ಹೋಯ್ತೇನೆ?"

"ಇನ್ನೂ ಹೋಗಿಲ್ಲ ಅಜ್ಜಿ," ಎಂದ ತಿಹೋಮಿರ್. "ಇದು ಒಳಗೆ ಬರೋ ಗಾಳಿ ಅಲ್ಲ. ಡ್ರೈಯರಿನ ಬಿಸಿಗಾಳಿ ಹೊರಗೆ ಹೋಗೋದು. ದಾರಿ ಮುಚ್ಚಿದ್ದಕ್ಕೇ ಯಂತ್ರ ಕಾದು ಆಫ್ ಆಗಿದ್ದು."

"ಗಾಳಿಗೆ ದಾರಿ ಹೇಳಿಕೊಡೋಕೆ ನೀನ್ಯಾರೋ?"

ಅವನು ಕೊಳವೆ ಜೋಡಿಸಿ, ಯಂತ್ರದ ಹಿಂಬದಿಯ ಪುಟ್ಟ ರೀಸೆಟ್ ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಬಾಗಿಲಿನ ಗಾಜು ಬೆಚ್ಚಗಾಯಿತು. ರಾದ್ಮಿಲಾ ತೊಟ್ಟಿಲನ್ನು ತೂತಿನಿಂದ ದೂರ, ಆಚೆ ಗೋಡೆಗೆ ಸರಿಸಿದಳು. ಊರಿನ ಎಲ್ಲರಂತೆ ಅವಳಿಗೂ ಸಂದುಗಾಳಿಯ ಭಯವಿತ್ತು.

ಕತ್ತಲಾಗುವ ಮೊದಲು ಕೊನೆಯ ಹಾಸು ಮಡಿಸುವಾಗ ಅತ್ತೆ ಕೋಣೆಯಲ್ಲಿರಲಿಲ್ಲ. ರಾದ್ಮಿಲಾ ಕಿಟಕಿಯಿಂದ ಬಗ್ಗಿ ನೋಡಿದಳು. ಹೊರಗಿನ ನೆಲ ತಗ್ಗು; ಅಲ್ಲಿ ತೂತು ಸೊಂಟದ ಎತ್ತರಕ್ಕೆ ಬರುತ್ತಿತ್ತು. ವಿದೊಸಾವಾ ಹಿಮದಲ್ಲಿ ನಿಂತು ತೂತಿನ ಮುಂದೆ ಅಂಗೈ ಹಿಡಿದಿದ್ದಳು. ಬೆರಳುಗಳ ನಡುವೆ ಹಬೆ ಹಾಯುತ್ತಿತ್ತು. ಕೈ ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಒಡ್ಡಿದಳು. ಆಮೇಲೆ ಅತ್ತಿತ್ತ ನೋಡಿ, ಶಾಲನ್ನು ಮೇಲೆತ್ತಿಕೊಂಡು, ಮೆಲ್ಲಗೆ ಹಿಂತಿರುಗಿ ಆ ಗಾಳಿಗೆ ಸೊಂಟ ಕೊಟ್ಟು ನಿಂತಳು.