ಒಂದೇ ಕಣದ ಪೆಟ್ಟಿಗೆ

ಪೆರ್ಮ್ ಊರಿನ ಆ ಸಂಶೋಧನಾಲಯದಲ್ಲಿ ಹನ್ನೊಂದಕ್ಕೆ ಎಲ್ಲರೂ ಚಹಾಕ್ಕೆ ಸೇರುತ್ತಾರೆ. ಕಪಾಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೋಟ. ಗ್ಲೆಬ್ ರೊದಿಯೊನೊವಿಚ್ ಅವರ ನೀಲಿ ಅಂಚಿನ ಲೋಟ ಆರು ವಾರದಿಂದ ಅಲ್ಲಿಲ್ಲ. ಹಲಗೆಯ ಮೇಲೆ ಅದರ ದುಂಡು ಕಲೆಯಷ್ಟೇ ಇದೆ. ಯಾಕಿಲ್ಲ ಎಂಬುದು ತೈಸಿಯಾಗೆ ಗೊತ್ತು.

ನೆಲಮಾಳಿಗೆಯಲ್ಲಿ ಗ್ಲೆಬ್ ರೊದಿಯೊನೊವಿಚ್ ರಬ್ಬರಿಗೆ ಕಬ್ಬಿಣದ ಪುಡಿ ಕಲಸಿ ಅಚ್ಚು ಹೊಯ್ಯುತ್ತಾರೆ, ಅಯಸ್ಕಾಂತದ ನಡುವೆ ಹಿಡಿಕೆಯಲ್ಲಿ ಬಿಗಿದು ಅಳೆಯುತ್ತಾರೆ. ಮೂರನೇ ಮಹಡಿಯಲ್ಲಿ ತೈಸಿಯಾ ಅದೇ ತುಂಡನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾಳೆ. ಮೊದಲು ಕಬ್ಬಿಣದ ಕಣ, ಆಮೇಲೆ ಕಣ ಕೂರುವ ಪುಟ್ಟ ಪೆಟ್ಟಿಗೆ, ಅಂಥ ಪೆಟ್ಟಿಗೆಗಳನ್ನು ಜೋಡಿಸಿ ಇಡೀ ತುಂಡು. ಅವರ ತುಂಡು ಕುಗ್ಗಿತ್ತು, ಅವಳದ್ದು ಉದ್ದವಾಗಿತ್ತು. ಆರು ವಾರದ ಹಿಂದಿನ ಗುರುವಾರದ ಸಭೆಯಲ್ಲಿ, ಹದಿನಾರು ಜನರೆದುರು, "ನಿಮ್ಮ ಹಿಡಿಕೆ ಜಾರಿರಬೇಕು" ಅಂದುಬಿಟ್ಟಿದ್ದಳು. ನಲವತ್ತು ವರ್ಷ ಅಳೆದ ಕೈಗೆ. ಅವರು ಕಪಾಟಿನಿಂದ ತಮ್ಮ ಲೋಟ ಎತ್ತಿಕೊಂಡು ಕೆಳಗಿಳಿದಿದ್ದರು.

ಯಾರೂ ಅವಳನ್ನು ಬೈಯಲಿಲ್ಲ. ಅವಳು ಬಂದಾಗ ಮಾತು ನಿಲ್ಲುತ್ತಿತ್ತು, ಅಷ್ಟೇ. ಹೆಪ್ಪುಗಟ್ಟಿದ ಕಾಮಾ ನದಿಯ ಸೇತುವೆ ದಾಟಿ ತನ್ನ ಕೋಣೆ ಸೇರಿದರೆ ಅಲ್ಲಿ ಮಾತು ನಿಲ್ಲಿಸುವವರೂ ಇರಲಿಲ್ಲ.

ಒಂದು ಬೆಳಿಗ್ಗೆ ತಪ್ಪು ಕಣ್ಣಿಗೆ ಬಿತ್ತು. ಲೆಕ್ಕ ಬೇಗ ಮುಗಿಯಲೆಂದು ಪೆಟ್ಟಿಗೆಯಲ್ಲಿ ಒಂದೇ ಕಣ ಇಟ್ಟಿದ್ದಳು. ಸುತ್ತಲಿನ ಪೆಟ್ಟಿಗೆಗಳೆಲ್ಲ ಅದರವೇ ಪ್ರತಿಗಳು. ಆ ಕಣ ಎತ್ತ ನೋಡಿದರೂ, ಸರಿಸಮ ದೂರದಲ್ಲಿ, ಕಾಣುವುದು ತಾನೊಂದೇ. ನಿಜದ ರಬ್ಬರಿನಲ್ಲಿ ಹಾಗಿರುವುದಿಲ್ಲ. ಕೆಲವು ಕಣಗಳು ಮೈಗೆ ಮೈ ತಾಗುವಷ್ಟು ಹತ್ತಿರ ಬಿದ್ದಿರುತ್ತವೆ, ಅಯಸ್ಕಾಂತ ಹತ್ತಿರ ಹಿಡಿದರೆ ಒಂದನ್ನೊಂದು ಎಳೆಯುತ್ತವೆ. ಇನ್ನೂರು ಕಣ ಮನಬಂದಂತೆ ಎರಚಿ ಮತ್ತೆ ಲೆಕ್ಕ ಹಾಕಿದಳು. ತುಂಡು ಕುಗ್ಗಿತು.

ಮೆಟ್ಟಿಲಿಳಿದು ಹೋದಳು.

"ಗ್ಲೆಬ್ ರೊದಿಯೊನೊವಿಚ್, ಕುಗ್ಗುತ್ತೆ."

"ಯಾರು, ನಾನಾ? ವಯಸ್ಸಾಯ್ತಲ್ಲಮ್ಮ." ಅವರು ಅಚ್ಚಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ರಬ್ಬರು. ಅಳತೆ ಸರಿ ಇತ್ತು. ತಪ್ಪು ನಂದು."

"ಹಾಗಾದ್ರೆ ಹಿಡಿಕೆ ಜಾರಿರಲಿಲ್ಲ ಅನ್ನು."

"ಇಲ್ಲ."

"ಎಷ್ಟು ಕಣ ಇಟ್ಟಿದ್ದೆ?"

"ಒಂದು."

ಅವರು ಕೈ ಒರೆಸಿಕೊಂಡು ಮೊದಲ ಸಲ ಅವಳ ಮುಖ ನೋಡಿದರು. "ಒಂದೇ? ಪಾಪ."

ಕಣಕ್ಕೆ ಅಂದರೋ ಅವಳಿಗೋ, ಅವಳು ಕೇಳಲಿಲ್ಲ. "ಚಹಾಕ್ಕೆ ಬನ್ನಿ" ಅಂದಳು.

"ಜಾರಿದೆ ಅಂದಾಗ ಹದಿನಾರು ಜನ ಕೇಳಿದ್ರು, ತೈಸಿಯಾ. ಜಾರಿಲ್ಲ ಅನ್ನೋದನ್ನ ಈ ಗೋಡೆಗಳಿಗೆ ಹೇಳಿ ಹೋಗ್ತೀಯಾ?"

ಮುಂದಿನ ಗುರುವಾರದ ಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದಳು. ಒಂದೇ ಕಣದ ಪೆಟ್ಟಿಗೆಯ ಚಿತ್ರ ತೋರಿಸಿ, ಹಿಡಿಕೆಯ ಮಾತನ್ನು ಹೆಸರು ಹಿಡಿದೇ ವಾಪಸು ತೆಗೆದುಕೊಂಡಳು. ಅವರ ಕುರ್ಚಿ ಖಾಲಿ ಇತ್ತು. ಹಿಂದಿನ ಬಾಗಿಲು ಮಾತ್ರ ಅರ್ಧ ತೆರೆದಿತ್ತು.

ಹನ್ನೊಂದಕ್ಕೆ ಎಲ್ಲರಿಗಿಂತ ಮೊದಲು ಕಪಾಟಿನ ಹತ್ತಿರ ಹೋದಳು. ನೀಲಿ ಅಂಚಿನ ಲೋಟ ತನ್ನ ಕಲೆಯ ಮೇಲೆ ಬೋರಲು ಕೂತಿತ್ತು. ಮುಟ್ಟಿದಳು, ಒದ್ದೆ, ಇನ್ನೂ ಬೆಚ್ಚಗೆ. ಒಬ್ಬರೇ ಕುಡಿದು, ತೊಳೆದಿಟ್ಟು, ಇಳಿದು ಹೋಗಿದ್ದರು.

ತನ್ನ ಲೋಟ ತುಂಬಿಸಿ ಅವರ ಕುರ್ಚಿಯ ಎದುರಿಗೆ ಕೂತಳು.