ಹುಳ ಮೇಯುವ ಸದ್ದು

ದಾಸಮ್ಮ ರಾಮನಗರದ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಗಂಡನನ್ನು ಕೇಳಿದ್ದು ಒಂದೇ: "ಹುಳ ಮೇಯೋ ಸದ್ದು ಒಸಿ ಹೊತ್ತು ಕಿವಿಗೆ ಬಿದ್ರೆ ಸಾಕು." ಇಪ್ಪತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ವಾರ ಉಳಿದರೆ ಹೆಚ್ಚು ಅಂತ ಡಾಕ್ಟರು ಹೊನ್ನಯ್ಯನನ್ನು ಆಚೆ ಕರೆದು ಹೇಳಿಯಾಗಿತ್ತು. ಬೈರಮಂಗಲದ ಮನೆಗೆ ಅವಳನ್ನು ಕರೆದೊಯ್ಯುವ ಮಾತೇ ಇರಲಿಲ್ಲ.

ಹೊನ್ನಯ್ಯ ಗಫಾರ್ ಸಾಬರನ್ನು ಹಿಡಿದ. ನಾಟಕ ಕಂಪನಿಗಳಿಗೆ ಗುಡುಗು, ಕುದುರೆ ಓಟದ ಸದ್ದು ತುಂಬಿಕೊಡುವ ಮನುಷ್ಯ. ಪಾಪ, ಟೇಪ್ ರೆಕಾರ್ಡರನ್ನೂ ಉಳಿದಿದ್ದ ಒಂದೇ ಸುರುಳಿ ಟೇಪನ್ನೂ ಹೊತ್ತು ಅವತ್ತೇ ಊರಿಗೆ ಬಂದರು. ಆದರೆ ಹೊರಗಿನವರು ಹುಳದ ಮನೆಗೆ ಕಾಲಿಟ್ಟರೆ ಹುಳಕ್ಕೆ ರೋಗ ತಗಲುತ್ತದೆ, ಬಿಡಕೂಡದು ಅನ್ನುವುದು ದಾಸಮ್ಮನ ಕಟ್ಟಪ್ಪಣೆ. ಅವಳು ಮನೆಯಲ್ಲಿಲ್ಲದಿದ್ದರೂ ಅದನ್ನು ಮೀರುವ ಎದೆ ಹೊನ್ನಯ್ಯನಿಗೆಲ್ಲಿ? ಸಾಬರು ಜಗಲಿಯಲ್ಲೇ ಕೂತು ಹೇಳಿಕೊಟ್ಟರು.

"ಹೊನ್ನಣ್ಣ, ಟೇಪು ಜೋರಾಗಿ ಓಡೋ ಕಡೀಕೇ ಈ ಸ್ವಿಚ್ಚು ಇರ್ಲಿ. ಟೇಪು ಕಾಲು ಗಂಟೆಗೇ ಮುಗೀತದೆ, ಆದ್ರೆ ಸಣ್ಣ ಸದ್ದೂ ಹಿಡೀತದೆ. ನಿಧಾನಕ್ಕೆ ಹಾಕುದ್ರೆ ಒಂದು ಗಂಟೆ ಬತ್ತದೆ, ಸಣ್ಣ ಸದ್ದು ಉಳಿಯಲ್ಲ. ಮುಟ್ಬ್ಯಾಡ."

ತಲೆಯಾಡಿಸಿ ಒಳಗೆ ಹೋದ ಹೊನ್ನಯ್ಯ ತಟ್ಟೆಗಳಿಗೆಲ್ಲ ಹಿಪ್ಪುನೇರಳೆ ಸೊಪ್ಪು ಹಾಕಿದ. ಬೆರಳುದ್ದ ಬೆಳೆದಿದ್ದ ಹುಳ, ನಾಳೆ ಮೇವು ಬಿಟ್ಟು ಗೂಡು ಕಟ್ಟುವಂಥವು. ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಮನೆ ತುಂಬ ಸದ್ದೆದ್ದಿತು. ಇಷ್ಟು ಚೆಂದದ್ದು ಬರೀ ಕಾಲು ಗಂಟೆಯೇ? ಹೆಂಡತಿಗೆ ಒಂದು ಸೀರೆಯನ್ನೂ ಧಾರಾಳವಾಗಿ ತಂದವನಲ್ಲ; ಇದೊಂದನ್ನಾದರೂ ಕೈತುಂಬ ಕೊಡೋಣವೆಂದು ಪುಣ್ಯಾತ್ಮ ಸ್ವಿಚ್ಚನ್ನು ನಿಧಾನಕ್ಕೆ ತಿರುಗಿಸಿಬಿಟ್ಟ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಸಾಬರು ಟೇಪು ಹಚ್ಚಿದರು. ಸುಯ್ ಅನ್ನುವ ಗಾಳಿಸದ್ದು ಬಿಟ್ಟರೆ ಏನೂ ಇಲ್ಲ. ಸಾಬರು ಸ್ವಿಚ್ಚು ನೋಡಿದರು, ಹೊನ್ನಯ್ಯನ ಮುಖ ನೋಡಿದರು.

ದಾಸಮ್ಮ ಕಣ್ಣು ಮುಚ್ಚಿ ಆಲಿಸಿದಳು. "ಮೇಯ್ತಾನೇ ಇಲ್ವಲ್ಲ... ಹುಳ ಎಲ್ಲಾ ಸತ್ತೋದ್ವಾ?"

"ಇಲ್ಲ ಕಣಮ್ಮಿ, ಬೆಳಗಿಂದ ಗೂಡು ಕಟ್ತಾ ಅವೆ. ನಿನ್ನಾಣೆ."

ಹೇಳಿದ್ದು ನಿಜವೇ. ಆದರೆ ರೋಗಿಯನ್ನು ಸಮಾಧಾನ ಮಾಡುವ ಮಾತೆಂದುಕೊಂಡು ಅವಳು ಗೋಡೆ ಕಡೆ ತಿರುಗಿ ಅತ್ತಳು. ಇನ್ನೊಮ್ಮೆ ಹಿಡಿದು ತರೋಣವೆಂದರೆ ಮನೆಯಲ್ಲಿ ಮೇಯುವ ಹುಳ ಒಂದೂ ಇರಲಿಲ್ಲ. ಮುಂದಿನ ಬೆಳೆ ಆ ಸದ್ದು ಮಾಡಲು ತಿಂಗಳು ಬೇಕು. ರೇಷ್ಮೆಗೆ ಒಳ್ಳೆ ಕಾಲ ಬಂದು ಊರಲ್ಲಿ ಮನೆಮನೆಗೂ ಹುಳವಿತ್ತು, ಆದರೆ ಆ ಬಾಗಿಲುಗಳೂ ಹೊರಗಿನವರಿಗೆ ಮುಚ್ಚಿದ್ದವು. ಹೊನ್ನಯ್ಯನಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನ್ನಿಸಿತು.

ಟೇಪು ನಿಲ್ಲಿಸಲು ಅವನು ಬಗ್ಗಿದ.

"ಇರ್ಲಿ, ನಿಲ್ಸಬ್ಯಾಡಿ," ಅಂದಳು ದಾಸಮ್ಮ. "ಒಂದಾದ್ರೂ ಉಳ್ಕಂಡಿದ್ರೆ ಮೇದಾತು."

ಟೇಪು ಇನ್ನೂ ಮುಕ್ಕಾಲು ಗಂಟೆ ಬಾಕಿಯಿತ್ತು.