ಕ್ಯಾಮೆರಾಗೆ ಇಟ್ಟ ಕುಂಕುಮ

ರಂಗನಾಥರ ಬೆರಳು ಗಂಧದ ಬಟ್ಟಲಿನಿಂದ ಎದ್ದು ಶಾಲೆಯ ಹೊಸ ಕ್ಯಾಮೆರಾ ಕಡೆ ಹೊರಟಾಗ ಸರ್ವಮಂಗಳಮ್ಮನ ಬಾಯಿಗೆ ಮಾತು ಬಂದೇಬಿಟ್ಟಿತ್ತು. "ಸಾರ್, ಗಾಜಿನ ಮೇಲೆ ಬೇಡ" ಎಂದಿದ್ದರೆ ಸಾಕಿತ್ತು. ಬಂದ ಮಾತನ್ನು ಅವರು ನುಂಗಿಕೊಂಡರು.

ಇಂಥದೊಂದು ಗಳಿಗೆಗೆ ಅವರು ನಾಲ್ಕು ವರ್ಷ ಕಾದಿದ್ದರು.

ಕೊರೊನಾ ಕಾಲದಲ್ಲಿ ತುಮಕೂರಿನ ಇದೇ ಶಾಲೆಯಲ್ಲಿ ಅವರು ಗಣಿತದ ಮೇಡಂ. ಫೋನಿನಲ್ಲಿ ಪಾಠ ಮಾಡುವುದು ಒಗ್ಗಿರಲಿಲ್ಲ. ಒಂದು ದಿನ ಮೈಕ್ ಆರಿಸುವುದನ್ನು ಮರೆತು, ಹಾಸಿಗೆ ಹಿಡಿದಿದ್ದ ಗಂಡನಿಗೆ ಗಂಜಿ ಕುಡಿಸಲು ಹೋದರು. "ಇನ್ನೊಂದೇ ಗುಟುಕು, ನನ್ನ ರಾಜಾ ಅಲ್ವಾ" ಎಂದು ಮಗುವಿಗೆ ಹೇಳುವಂತೆ ಹೇಳಿದ್ದೆಲ್ಲ ರೆಕಾರ್ಡ್ ಆಯಿತು. ಆಡಳಿತ ಮಂಡಳಿಯ ಕಾರ್ಯದರ್ಶಿ ರಂಗನಾಥ್ ಅದನ್ನು ಶಿಕ್ಷಕರ ಸಭೆಯಲ್ಲಿ ಪರದೆಯ ಮೇಲೆ ಹಾಕಿಸಿದರು. "ಇದು ನಗೋದಕ್ಕಲ್ಲ, ಕಲಿಯೋದಕ್ಕೆ" ಎಂದವರೂ, ಮೊದಲು ನಕ್ಕವರೂ ಅವರೇ. ಸಾಲದೆಂದು ಎರಡನೇ ಸಲ ಹಾಕಿಸಿದರು. ಅರ್ಧಕ್ಕೇ ಪರದೆ ಕಪ್ಪಾಯಿತು. ಎಲ್ಲರೂ ಕರೆಂಟ್ ಹೋಯಿತೆಂದುಕೊಂಡರು. ಗೋಡೆಗೊರಗಿ ನಿಂತಿದ್ದ ಜವಾನ ಯಲ್ಲಯ್ಯ ಪ್ಲಗ್ ಕಿತ್ತದ್ದು ಸರ್ವಮಂಗಳಮ್ಮನಿಗೆ ಮಾತ್ರ ಕಂಡಿತ್ತು.

ಹದಿನೈದು ದಿನಕ್ಕೆ ಗಂಡ ತೀರಿಕೊಂಡರು. ಆಮೇಲೆ ಸರ್ವಮಂಗಳಮ್ಮನನ್ನು ಗುಬ್ಬಿ ಶಾಖೆಗೆ ಹಾಕಿದರು. ಅಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದ ಪ್ರಮೀಳಾ, "ಅಕ್ಕಾ, ಮೊದಲು ಮೈಕ್ ಆರಿಸೋದು ಕಲೀರಿ, ಮಿಕ್ಕಿದ್ದು ತಾನಾಗೇ ಬರುತ್ತೆ" ಎಂದು ನಗುತ್ತಾ, ತನ್ನ ಸಂಜೆಯ ಬಸ್ಸನ್ನು ದಿನಾ ಬಿಟ್ಟು ಕಲಿಸಿದಳು. ಸರ್ವಮಂಗಳಮ್ಮ ಕಲಿತರು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವರು ಬೇಗ ಕಲಿಯುತ್ತಾರೆ.

ಈಗ ಗುಬ್ಬಿ, ಕುಣಿಗಲ್ ಶಾಖೆಗಳಲ್ಲಿ ಗಣಿತದ ಮೇಷ್ಟ್ರಿಲ್ಲ. ತುಮಕೂರಿನ ಪಾಠವೇ ಮೂರೂ ಕಡೆ ನಡೆಯಲೆಂದು ಹೊಸ ಸ್ಮಾರ್ಟ್ ಬೋರ್ಡು, ಕ್ಯಾಮೆರಾ, ಮೈಕು ಬಂದಿದ್ದವು. ಅದನ್ನೆಲ್ಲ ನಡೆಸಬಲ್ಲವರು ಬೇಕಾಗಿ ಅವರನ್ನು ವಾಪಸ್ಸು ಕರೆಸಿದ್ದರು. "ಬನ್ನಿ ಮೇಡಂ, ಚೆನ್ನಾಗಿದೀರಾ?" ಎಂದಿದ್ದರು ರಂಗನಾಥ್. ಆ ಸಭೆ ಅವರಿಗೆ ನೆನಪೇ ಇರಲಿಲ್ಲ. ಸರ್ವಮಂಗಳಮ್ಮನಿಗೆ ಅದೇ ಹೆಚ್ಚು ಉರಿದದ್ದು.

"ಪೂಜೆಯಿಂದಲೇ ರೆಕಾರ್ಡ್ ಮಾಡಿ. ಅಧ್ಯಕ್ಷರು ಕುಣಿಗಲ್‌ನಲ್ಲಿ ಕೂತು ನೋಡ್ತಾರೆ" ಎಂದು ರಂಗನಾಥರೇ ಹೇಳಿದ್ದರು. ಬೋರ್ಡಿಗೆ ಗಂಧ, ಕುಂಕುಮ ಆಯಿತು. ಬ್ಯಾಟರಿ ಪೆಟ್ಟಿಗೆಗೆ ಆಯಿತು. ಕೊನೆಗೆ ಕ್ಯಾಮೆರಾಗೆ, ಸರಿಯಾಗಿ ಅದರ ಕಣ್ಣಿಗೇ, ದಪ್ಪನೆ ಗಂಧ, ಅದರ ಮೇಲೆ ಕುಂಕುಮ. ಆಮೇಲೆ ಶಾಲು ಸರಿಮಾಡಿಕೊಂಡು ಭಾಷಣ ಶುರುಮಾಡಿದರು. ಬೋರ್ಡಿನಲ್ಲಿ ಎರಡೂ ಊರಿನ ಮಕ್ಕಳು ಅವರಿಗೆ ಕಾಣುತ್ತಿದ್ದರು. ತಾವು ಹೇಗೆ ಕಾಣುತ್ತಿದ್ದೇವೆಂಬುದು ಸರ್ವಮಂಗಳಮ್ಮನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು.

ಮಕ್ಕಳು ಬಾಯಿ ಮುಚ್ಚಿಕೊಂಡು ನಗತೊಡಗಿದರು. ಹತ್ತು ನಿಮಿಷ ತಡೆದ ಅಧ್ಯಕ್ಷ ಗುರುಸಿದ್ದಯ್ಯನವರು ಕುಣಿಗಲ್‌ನಿಂದ ಕೂಗಿದರು: "ರೀ ರಂಗನಾಥ್, ಎಲ್ಲಿದೀರ್ರೀ? ಟೊಮೆಟೊ ಗೊಜ್ಜಿನೊಳಗಿಂದ ಮಾತಾಡ್ದಂಗಿದೆ!"

ರಂಗನಾಥರ ಮುಖ ಕಪ್ಪಿಟ್ಟಿತು. ತಿರುಗಿ ನೋಡಿದವರಿಗೆ ಸಿಕ್ಕಿದ್ದು ಬಾಗಿಲ ಬಳಿ ನಿಂತಿದ್ದ ಯಲ್ಲಯ್ಯ.

"ಏನ್ಲಾ ಮಾಡ್ದೆ? ಬೆಳಿಗ್ಗೆ ಅದನ್ನ ಒರೆಸ್ದೋನು ನೀನೇ ತಾನೆ?"

"ಒಣಬಟ್ಟೇಲೇ ಒರೆಸಿದ್ದು ಸಾರ್..."

"ಬಾಯ್ ಮುಚ್ಚು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

ತಾವು ನುಂಗಿದ ಮಾತು ಯಲ್ಲಯ್ಯನ ಅನ್ನಕ್ಕೆ ಕಲ್ಲಾಗುತ್ತದೆಂದು ಸರ್ವಮಂಗಳಮ್ಮ ಎಣಿಸಿರಲಿಲ್ಲ. ಈಗಲೂ ಎದ್ದು ಹೋಗಿ ಸೆರಗಿನ ತುದಿಯಿಂದ ಗಾಜು ಒರೆಸಬಹುದಿತ್ತು. ರಂಗನಾಥರ ಕಿವಿಯಲ್ಲಿ ಮೆಲ್ಲಗೆ ಹೇಳಬಹುದಿತ್ತು. ಅವರು ಕೂತಲ್ಲಿಂದಲೇ ಮೈಕ್ ಹತ್ತಿರ ಎಳೆದುಕೊಂಡರು.

"ಯಲ್ಲಯ್ಯನ ತಪ್ಪಲ್ಲ ಸಾರ್. ಪೂಜೆಯಿಂದಲೇ ರೆಕಾರ್ಡ್ ಮಾಡಿ ಅಂದಿದ್ರಲ್ಲ, ಅದರಲ್ಲೇ ಇದೆ."

ಮೂರೂ ಊರಿನ ಪರದೆಯ ಮೇಲೆ ನವರತ್ನದ ಉಂಗುರ ತೊಟ್ಟ ಬೆರಳೊಂದು ಹತ್ತಿರ ಬಂತು, ದೊಡ್ಡದಾಯಿತು. "ಮಕ್ಕಳ ಕಣ್ಣು ತೆರೆಸಮ್ಮಾ ಶಾರದೇ" ಎಂಬ ರಂಗನಾಥರ ದನಿ ಕೇಳಿತು. ಮರುಕ್ಷಣ ಎಲ್ಲ ಕೆಂಪು.

ಗುಬ್ಬಿ ನಕ್ಕಿತು, ಕುಣಿಗಲ್ ನಕ್ಕಿತು. ಗುರುಸಿದ್ದಯ್ಯನವರು ಕಣ್ಣೊರೆಸಿಕೊಂಡು, "ಯಲ್ಲಯ್ಯ, ನೀನು ಎಲ್ಲೂ ಹೋಗ್ಬೇಡ ಕಣಪ್ಪ" ಎಂದರು.

ಅಲ್ಲಿಗೆ ಸಾಕಿತ್ತು. ಸರ್ವಮಂಗಳಮ್ಮ ರಂಗನಾಥರ ಮುಖವನ್ನೇ ನೋಡುತ್ತಾ ಹೇಳಿದರು: "ಇದು ನಗೋದಕ್ಕಲ್ಲ ಮಕ್ಕಳೇ, ಕಲಿಯೋದಕ್ಕೆ."

ಆ ಮುಖದಲ್ಲಿ ನೆನಪು ಬಂದು ಕೂತದ್ದು ಅವರಿಗೆ ಕಂಡಿತು. ಅವರು ಎರಡನೇ ಸಲ ಹಾಕಿದರು.

ಗೋಡೆಯ ಬಳಿ ಏನೋ ಅಲುಗಿದಂತಾಯಿತು. ಯಲ್ಲಯ್ಯ. ಈಗಷ್ಟೇ ಬೈಸಿಕೊಂಡವನ ಕೈ, ಬೈದವರ ಮಾನ ಉಳಿಸಲೆಂದು, ಪ್ಲಗ್ಗಿನ ಮೇಲಿತ್ತು. ಅವನು ಸರ್ವಮಂಗಳಮ್ಮನ ಕಡೆ ನೋಡಿದ.

"ಬಿಡು ಯಲ್ಲಯ್ಯ" ಎಂದರು ಅವರು, ಮೈಕ್ ಆರಿಸಿ, ಮೆತ್ತಗೆ. "ಇದು ಪೂರ್ತಿ ಮುಗೀಲಿ."